ನಾನೂರಿಪ್ಪತ್ತನೆಯ ಹೆಜ್ಜೆ

"ಒಂದು-ಎರಡು, ಒಂದು-ಎರಡು! ಇದೂ ಒಂದು ತಾಳವೇನೇ? ಗೋಡೆಗೆ ಮೊಳೆ ಹೊಡೆಯೋನು ಇದಕ್ಕಿಂತ ಚೆನ್ನಾಗಿ ಬಾರಿಸ್ತಾನೆ! ನೀನು ನೋಡ್ತಾ ಇರು. ಶುಕ್ರವಾರ ನಿನ್ನ ರೋಗಿಗಳು ನಡೆಯೋದಿಲ್ಲ, ತೇಲ್ತಾರೆ! ಆ ದೊಡ್ಡ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಚಪ್ಪಾಳೆ ತಟ್ಟದೇ ಹೋದ್ರೆ ನನ್ನ ಎರಡೂ ಕಿವಿ ಕಿತ್ತು ನಿನ್ನ ಕೈಗೆ ಕೊಡ್ತೀನಿ!"

ಸೋಮವಾರ ಬೆಳಿಗ್ಗೆ ತಾಳಪ್ಪನವರು ಹೀಗೆ ಘೋಷಿಸಿ ಚಹಾದ ಲೋಟವನ್ನು ಮೇಜಿಗೆ ಕುಟ್ಟಿದರು. ಕುಟ್ಟಿದ ರಭಸಕ್ಕೆ ಅರ್ಧ ಚಹಾ ಮೇಜಿನ ಮೇಲೆ, ಉಳಿದರ್ಧ ಹೆಂಡತಿಯ ಆಸ್ಪತ್ರೆ ಕಡತದ ಮೇಲೆ ಬಿತ್ತು. ಶಕುನ ಬಲ್ಲವರಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ತಾಳಪ್ಪನವರು ಬಲ್ಲದ್ದು ತಾಳ ಮಾತ್ರ.

"ಕಿವಿ ತಗೊಂಡು ನಾನೇನ್ ಮಾಡ್ಲಿ? ಮೂವತ್ತೆಂಟು ವರ್ಷ ತಲೆಗೆ ಅಂಟಿಕೊಂಡಿದ್ದಾಗಲೇ ನನ್ನ ಮಾತು ಕೇಳಲಿಲ್ಲ, ಕಿತ್ತು ಕೊಟ್ಟ ಮೇಲೆ ಕೇಳುತ್ತಾ?" ಎಂದರು ಹೆಂಡತಿ, ಸೆರಗಿನಿಂದ ಕಡತ ಒರೆಸುತ್ತ.

ತಾಳಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಮುದ್ರಣಾಲಯದಲ್ಲಿ ಮೂವತ್ತೈದು ವರ್ಷ ಯಂತ್ರ ನಡೆಸಿದವರು ಅವರು. ಯಂತ್ರ ಸ್ವಲ್ಪ ಸದ್ದು ಬದಲಿಸಿದರೆ ಸಾಕು, ಯಾವ ಚಕ್ರದ ಯಾವ ಹಲ್ಲು ಸವೆದಿದೆಯೆಂದು ನಿಂತಲ್ಲೇ ಹೇಳುತ್ತಿದ್ದರು. ನಿವೃತ್ತರಾದ ಮರುವಾರವೇ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವ ವಿದ್ಯೆಗೆ ಕೈ ಹಾಕಿದರು. ಗುರುವಿಲ್ಲ, ಶಾಲೆಯಿಲ್ಲ. "ಮೀನಿಗೆ ಈಜು ಕಲಿಸಿದ ಮೇಷ್ಟ್ರು ಯಾರು?" ಎಂದು ಕೇಳಿದವರನ್ನೇ ಕೇಳುತ್ತಿದ್ದರು. ಮನೆಗೆ ಯಾರೇ ಬರಲಿ, ಹಿಡಿದು ಕೂರಿಸಿ ತಮ್ಮ ರಚನೆ ಕೇಳಿಸುವರು. ಬಂದವರು ಎದ್ದು ಚಪ್ಪಲಿ ಹುಡುಕಿದರೆ, "ಸ್ವಲ್ಪ ತಾಳಪ್ಪಾ, ಈಗ ಕೂಡುತ್ತೆ! ಇನ್ನೊಂದು ನಿಮಿಷ ತಾಳಪ್ಪಾ!" ಎನ್ನುವರು. ಹೀಗೆ ತಾಳಿ ತಾಳಿ ಬೇಸತ್ತ ನೆರೆಹೊರೆಯವರು ಅದನ್ನೇ ಹೆಸರು ಮಾಡಿಟ್ಟರು. ಅವರಿಗೂ ಅದು ಹೆಮ್ಮೆಯೇ ಆಯಿತು. ತಾಳದ ಅಪ್ಪ! ಸಾಮಾನ್ಯವೇ?

ಏನು ಕೂಡುತ್ತದೆ ಎಂದು ಕೇಳುವಿರಾದರೆ, ಅಲ್ಲಿಯೇ ಇದೆ ಅವರ ವಿದ್ಯೆಯ ಗುಟ್ಟು. ಕಂಪ್ಯೂಟರಿನ ಪರದೆಯ ಮೇಲೆ ಸಾಲು ಸಾಲು ಮನೆಗಳು, ಚೌಕಾಬಾರದ ಪಟದ ಹಾಗೆ. ಒಂದು ಮನೆ ಒತ್ತಿದರೆ ಅಲ್ಲೊಂದು ಸದ್ದು. ಸಾಲು ಮುಗಿದರೆ ಮತ್ತೆ ಮೊದಲ ಮನೆಯಿಂದ ಶುರು. ಎಲ್ಲರೂ ಎಲ್ಲ ಸಾಲಿಗೂ ಸಮನಾಗಿ ನಾಲ್ಕೋ ಎಂಟೋ ಮನೆ ಕೊಟ್ಟು ಸುಮ್ಮನಿರುತ್ತಾರೆ. ತಾಳಪ್ಪನವರು ಒಂದು ಸಾಲಿಗೆ ಮೂರು ಮನೆ, ಇನ್ನೊಂದಕ್ಕೆ ನಾಲ್ಕು, ಮತ್ತೊಂದಕ್ಕೆ ಐದು, ಮಗದೊಂದಕ್ಕೆ ಏಳು ಕೊಡುತ್ತಾರೆ. ಎಲ್ಲವೂ ಒಟ್ಟಿಗೆ ಹೊರಟು, ಎರಡನೆಯ ಸುತ್ತಿಗೇ ಮುಖ ತಿರುಗಿಸಿಕೊಳ್ಳುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ! ಆದರೆ ಗಣಿತ ಸುಳ್ಳಾಡುವುದಿಲ್ಲ. ಮೂರು, ನಾಲ್ಕು, ಐದು, ಏಳು ಗುಣಿಸಿದರೆ ನಾನೂರಿಪ್ಪತ್ತು. ಜಗಳಾಡಿಕೊಂಡು ಚದುರಿದ ಸದ್ದುಗಳೆಲ್ಲ ನಾನೂರಿಪ್ಪತ್ತು ಎಣಿಕೆಯಾದ ಮೇಲೆ, ಸರಿಯಾಗಿ ಮೂರೂವರೆ ನಿಮಿಷಕ್ಕೆ, ಒಂದೇ ಏಟಿಗೆ ಬಂದು 'ಧಿಂ' ಎಂದು ಕೂಡಬೇಕು. ಆ 'ಧಿಂ'ಗಾಗಿಯೇ ತಾಳಪ್ಪನವರ ಬದುಕು.

"ನಾನೂರಿಪ್ಪತ್ತಾ? ಕೆಲಸಕ್ಕೆ ತಕ್ಕ ಸಂಖ್ಯೆ!" ಎಂದಿದ್ದರು ಹೆಂಡತಿ.

ಹೆಂಡತಿಯದು ಬಿದ್ದವರನ್ನು ಎಬ್ಬಿಸಿ ನಡೆಸುವ ಕೆಲಸ. ಮಂಡಿ ಬದಲಾಯಿಸಿಕೊಂಡವರು, ಸೊಂಟ ಮುರಿದವರು, ಕಾಲಿಗೆ ಸರಳು ಹಾಕಿಸಿಕೊಂಡವರು ಎಲ್ಲರೂ ಆಸ್ಪತ್ರೆಯ ಹಿಂಭಾಗದ ಉದ್ದನೆಯ ಕೊಠಡಿಗೆ ಬಂದು, ನೆಲಕ್ಕೆ ಅಂಟಿಸಿದ ಹಳದಿ ಪಟ್ಟಿಯ ಮೇಲೆ, ಆಕೆ ಕೈ ತಟ್ಟಿದಂತೆ ಹೆಜ್ಜೆ ಹಾಕಬೇಕು. ಎಲ್ಲರ ಬಾಯಲ್ಲೂ ಆಕೆ ನಡಿಗೆಮ್ಮ. ಈಗ ಆ ಕೊಠಡಿಯ ಮೇಲೆ ಆಡಳಿತದವರ ಕಣ್ಣು ಬಿದ್ದಿತ್ತು. ಔಷಧಿ ಪೆಟ್ಟಿಗೆ ಒಟ್ಟುವುದಕ್ಕೆ ಜಾಗ ಬೇಕಂತೆ. ಶುಕ್ರವಾರ ದೊಡ್ಡ ಡಾಕ್ಟರಮ್ಮ ಬಂದು ನೋಡುತ್ತಾರೆ. ನಾಲ್ವರು ರೋಗಿಗಳು ಕೋಲಿಲ್ಲದೆ ಐದು ನಿಮಿಷ ನೆಟ್ಟಗೆ ನಡೆದರೆ ತರಗತಿ ಉಳಿಯಿತು. ಇಲ್ಲವಾದರೆ ತಿಂಗಳ ಕೊನೆಗೆ ಹಳದಿ ಪಟ್ಟಿಯ ಮೇಲೆ ಪೆಟ್ಟಿಗೆಗಳು ಕೂರುತ್ತವೆ, ರೋಗಿಗಳು ಮನೆಯಲ್ಲಿ ಕೂರುತ್ತಾರೆ.

"ಅವತ್ತು ನಾನು ಡಾಕ್ಟರಮ್ಮನ ಪಕ್ಕ ನಿಂತು ಉತ್ತರ ಹೇಳ್ಬೇಕು ಕಣ್ರೀ, ಕೈ ತಟ್ಟೋಕೆ ಆಗಲ್ಲ. ನಿಮ್ಮ ಡಬ್ಬದಲ್ಲಿ ಒಂದು-ಎರಡು, ಒಂದು-ಎರಡು ಅಂತ ಐದು ನಿಮಿಷ ಸದ್ದು ಮಾಡಿಕೊಡಿ. ಅಷ್ಟೇ. ನಿಮ್ಮ ಕಾಲಿಗೆ ಬೀಳ್ತೀನಿ, ಅಷ್ಟೇ!" ಎಂದು ಆಕೆ ಕೇಳಿದ್ದಕ್ಕೇ ಚಹಾ ಚೆಲ್ಲಿದ್ದು.

ಒಂದು-ಎರಡಂತೆ! ಕಮ್ಮಾರನ ಹತ್ತಿರ ಹೋಗಿ ಹೊಲಿಗೆ ಸೂಜಿ ಕೇಳಿದ ಹಾಗಾಯಿತು. ಅದಲ್ಲದೆ ತಾಳಪ್ಪನವರ ಬಳಿ ಒಂದು ಗುಪ್ತನಿಧಿ ಇತ್ತು. ಮೂರು ತಿಂಗಳ ಹಿಂದೆ, ತರಗತಿಯ ಮೊದಲ ದಿನ, ಹೆಂಡತಿಯ ಚೀಲ ಹೊತ್ತು ಹೋದವರು ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ನಾಲ್ವರು ಹೊಸಬರು ಒಬ್ಬೊಬ್ಬರಾಗಿ ಹಳದಿ ಪಟ್ಟಿಯ ಮೇಲೆ ನಡೆದರು. ನಿವೃತ್ತ ಬಸ್ ಕಂಡಕ್ಟರು ಒಂದು ಹೆಜ್ಜೆ ಊರಿ, ಎರಡೆಣಿಕೆ ಕಾಲೆಳೆದರು: ಮೂರು! ಬೇಕರಿ ಅಜ್ಜಿ ಒಂದೊಂದು ಕಾಲನ್ನೂ ಎರಡೆರಡು ಸಲ ಊರಿ ನೋಡಿ ನಡೆದರು: ನಾಲ್ಕು! ಡ್ರಾಯಿಂಗ್ ಮೇಷ್ಟ್ರು ಕೋಲು, ಕಾಲು, ಕಾಲು, ಕೋಲು, ಒಂದು ನಿಟ್ಟುಸಿರು: ಐದು! ಲಾಯರಮ್ಮನಂತೂ ನಾಲ್ಕು ಹೆಜ್ಜೆ ಹಾಕಿ, ಮೂರೆಣಿಕೆ ನಿಂತು, "ಈ ನೆಲ ಸಮ ಇಲ್ಲ, ನನ್ನ ಆಕ್ಷೇಪ ಬರ್ಕೊಳ್ಳಿ" ಎಂದರು: ಏಳು! ತಾಳಪ್ಪನವರ ಮೈ ಜುಮ್ಮೆಂದಿತು. ದೇವರು ಇವರನ್ನೆಲ್ಲ ನನಗಾಗಿಯೇ ಬೀಳಿಸಿದ್ದಾನೆ! ಎಂದುಕೊಂಡರು. ಒಪ್ಪಿಗೆ ಕೇಳಿ, ನೆಲಕ್ಕೆ ಮೈಕು ಇಟ್ಟು, ಒಬ್ಬೊಬ್ಬರ ಹೆಜ್ಜೆಯನ್ನೂ ಹಿಡಿದುಕೊಂಡು ಮನೆಗೆ ತಂದರು.

ಮೂರು ತಿಂಗಳು ಆ ಹೆಜ್ಜೆಗಳನ್ನು ಒಂದರ ಮೇಲೊಂದು ಹೇರಿದರು, ತಿದ್ದಿದರು, ತೀಡಿದರು. ಈಗ ಹಬೆಯಾಡುತ್ತಿರುವಾಗಲೇ ಬಡಿಸುವ ಕಾಲ ಬಂದಿತ್ತು. ಒಬ್ಬೊಬ್ಬರಿಗೂ ಅವರವರದೇ ತಾಳ! ಯಾವ ವೈದ್ಯಶಾಸ್ತ್ರದಲ್ಲಿದೆ ಇಂಥ ಉಪಕಾರ?

"ಅಭ್ಯಾಸಕ್ಕೆ ಒಂದ್ಸಲ ಹಾಕಿ ನೋಡೋಣ" ಎಂದರು ನಡಿಗೆಮ್ಮ, ಬುಧವಾರ.

"ಕಾಯಿ ಇರುವಾಗ ಕಚ್ಚಬಾರದು ಕಣೇ. ಹಣ್ಣಾಗಲಿ."

"ಒಂದು-ಎರಡೇ ತಾನೆ?"

"ಅದೂ ಇದೆ ಒಳಗೆ" ಎಂದರು ತಾಳಪ್ಪನವರು. ಸುಳ್ಳೇನಲ್ಲ. ಸಮುದ್ರದಲ್ಲಿ ಉಪ್ಪಿದ್ದ ಹಾಗೆ, ಇತ್ತು.

ಶುಕ್ರವಾರ ಬಂತು. ಕೊಠಡಿಯ ಮೂಲೆಯ ಕುರ್ಚಿಯ ಮೇಲೆ ದೊಡ್ಡ ಡಾಕ್ಟರಮ್ಮ, ಮಡಿಲಲ್ಲಿ ಕಾಗದ. ಪಕ್ಕದಲ್ಲಿ ನಡಿಗೆಮ್ಮ, ಎದೆಗೆ ಕೈ ಕಟ್ಟಿಕೊಂಡು. ಪಟ್ಟಿಯ ಮೇಲೆ ನಾಲ್ವರು, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಕೋಲುಗಳನ್ನು ಗೋಡೆಗೆ ಒರಗಿಸಿ. ಮೂರು ತಿಂಗಳಲ್ಲಿ ಅವರ ಕುಂಟು ಹೇಳಹೆಸರಿಲ್ಲದೆ ಹೋಗಿತ್ತು. ಕಂಡಕ್ಟರಂತೂ ಬಾಗಿಲಿನಿಂದ ಪಟ್ಟಿಯವರೆಗೆ ಮದುಮಗನ ಹಾಗೆ ನಡೆದು ಬಂದಿದ್ದರು. ತಾಳಪ್ಪನವರು ಸ್ಪೀಕರಿನ ಹಿಂದೆ ನಿಂತು, ಕಣ್ಣು ಮುಚ್ಚಿ, ಗುಂಡಿ ಒತ್ತಿದರು.

ಟಕ್, ಸರ್ರ್. ಟಪ್ ಟಪ್. ಠಕ್ ಟಕ್ ಟಕ್ ಠಕ್, ಉಸ್ಸ್. ಟಕ ಟಕ ಟಕ ಟಕ... ಆಸ್ಪತ್ರೆಯ ಗಾಜೆಲ್ಲ ಅದುರಿತು.

ಕಂಡಕ್ಟರು ಮೊದಲ ಆರು ಹೆಜ್ಜೆ ನೆಟ್ಟಗೆ ಹಾಕಿದರು. ಏಳನೆಯದಕ್ಕೆ ಬಲಗಾಲು ನೆಲ ಬಿಡಲಿಲ್ಲ. ಸರ್ರ್ ಎಂದು ಹಿಂದೆ ಬಂತು.

"ಮೇಡಂ, ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ! ಆ ಡಬ್ಬದ ಮಾತು ಕೇಳ್ತಿದೆ!"

"ಈ ಸದ್ದು ಎಲ್ಲೋ ಕೇಳಿದ ಹಾಗಿದೆಯಲ್ಲಾ" ಎನ್ನುತ್ತ ಬೇಕರಿ ಅಜ್ಜಿ ಒಂದೇ ಕಾಲನ್ನು ಎರಡು ಸಲ ಊರಿದರು. "ಅಯ್ಯೋ, ಇದು ನಂದೇ ಕಾಲು ಕಣ್ರಪ್ಪಾ!"

ಡ್ರಾಯಿಂಗ್ ಮೇಷ್ಟ್ರ ಕೈ ಗಾಳಿಯಲ್ಲಿ ಇಲ್ಲದ ಕೋಲನ್ನು ತಡಕಾಡತೊಡಗಿತು. ಲಾಯರಮ್ಮ ನಾಲ್ಕು ಹೆಜ್ಜೆಗೆ ಗಕ್ಕನೆ ನಿಂತರು. ಹಿಂದಿದ್ದ ಮೇಷ್ಟ್ರು ಅವರ ಬೆನ್ನಿಗೆ ಬಂದು ಆತುಕೊಂಡರು. ಕಾಲುಗಳಿಗೆ ಎಲ್ಲ ನೆನಪಾಗತೊಡಗಿತ್ತು! ಅಷ್ಟಕ್ಕೇ ನಿಂತಿದ್ದರೆ ಪುಣ್ಯ. ಎರಡನೆಯ ನಿಮಿಷಕ್ಕೆ ಯಾರದು ಯಾವ ತಾಳವೆಂಬುದೇ ಕಲಸಿಹೋಗಿ, ಒಬ್ಬರ ಕುಂಟು ಇನ್ನೊಬ್ಬರಿಗೆ ನೆಗಡಿಯ ಹಾಗೆ ಅಂಟಿತು.

"ಇದು ನನ್ನ ಕುಂಟಲ್ಲ!" ಎಂದು ಲಾಯರಮ್ಮ ಕಾಲೆಳೆಯುತ್ತ ಕೂಗಿದರು. "ಇದು ಕಂಡಕ್ಟರದ್ದು! ನನ್ನ ಮೇಲೆ ಸುಳ್ಳು ಆರೋಪ!"

"ಹಾಗಾದ್ರೆ ನಂದು ವಾಪಸ್ ಕೊಡಿ! ನನಗೆ ಅಜ್ಜಿದು ಬಂದಿದೆ!" ಎಂದರು ಕಂಡಕ್ಟರು.

"ತಗೊಳ್ಳಪ್ಪ, ಇಟ್ಕೋ! ನನಗೇನು ಅದರ ಮೇಲೆ ವ್ಯಾಮೋಹವಾ!" ಎಂದರು ಅಜ್ಜಿ.

ಡಾಕ್ಟರಮ್ಮ ತಲೆ ಎತ್ತದೆ ಬರೆಯುತ್ತಿದ್ದರು. ನಡಿಗೆಮ್ಮನ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. "ನಿಲ್ಲಿಸ್ರೀ! ರೀ, ನಿಲ್ಲಿಸಿ ಅಂದೆ!"

ನಿಲ್ಲಿಸಬಹುದಿತ್ತು. ಬೆರಳು ಗುಂಡಿಯ ಮೇಲೆಯೇ ಇತ್ತು. ಆದರೆ ತಾಳಪ್ಪನವರ ಎಣಿಕೆ ಮುನ್ನೂರ ಎಂಬತ್ತಕ್ಕೆ ಬಂದಿತ್ತು. ಇನ್ನು ನಲವತ್ತೇ ಎಣಿಕೆ! ಎಲ್ಲ ತಾಳ ಕೂಡುತ್ತದೆ, ಎಲ್ಲ ಕಾಲೂ ಕೂಡುತ್ತದೆ, ನಾಲ್ವರೂ ಒಂದೇ ಏಟಿಗೆ ಹೆಜ್ಜೆ ಊರುತ್ತಾರೆ, ಡಾಕ್ಟರಮ್ಮ ಪೆನ್ನು ಕೆಳಗಿಡುತ್ತಾರೆ! ದಡ ಕಾಣುವಾಗ ದೋಣಿ ಬಿಡುವವನುಂಟೇ? ಅವರು ಕೈಯೆತ್ತಿ ಗರ್ಜಿಸಿದರು: "ಸ್ವಲ್ಪ ತಾಳಿ! ಈಗ ಕೂಡುತ್ತೆ! ಯಾರೂ ಹೆದರಬೇಡಿ! ನಾನೂರ ಹತ್ತೊಂಬತ್ತಕ್ಕೆ ಎಲ್ಲರೂ ಕಾಲೆತ್ತಿ!"

ಪಾಪದವರು, ನಂಬಿದರು. ನಾನೂರ ಹತ್ತೊಂಬತ್ತಕ್ಕೆ ನಾಲ್ವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಒಂದೊಂದು ಕಾಲೆತ್ತಿ ಕೊಕ್ಕರೆಗಳ ಹಾಗೆ ನಿಂತರು. ನಾನೂರಿಪ್ಪತ್ತು!

ಕೂಡಲಿಲ್ಲ.

ನಾಲ್ಕು ಸದ್ದು ಬಂತು. ಇನ್ನೊಂದು ಯಾವುದೋ ಹಿಂದುಳಿದು, ಎಲ್ಲರೂ ಊಟ ಮುಗಿಸಿ ಕೈ ತೊಳೆದ ಮೇಲೆ ಬಂದ ನೆಂಟನ ಹಾಗೆ, ಆಮೇಲೆ 'ಟಪ್' ಎಂದಿತು. ಯಾವ ಸದ್ದಿಗೆ ಕಾಲೂರಬೇಕೆಂದು ತಿಳಿಯದೆ ನಾಲ್ವರೂ ತೂಗಾಡಿ, ಕೊನೆಗೆ ಗೋಡೆ ಹಿಡಿದು, ಅಲ್ಲಿಂದ ಕೋಲು ಹಿಡಿದು, ಬೆಂಚಿನ ಮೇಲೆ ಕೂತರು. ಯಾರಿಗೂ ಪೆಟ್ಟಾಗಲಿಲ್ಲವೆಂಬುದೊಂದೇ ಸಮಾಧಾನ. ತಾಳಪ್ಪನವರಿಗೆ ಅದೂ ಸಮಾಧಾನವಾಗಲಿಲ್ಲ. ಕೂಡಬೇಕಿತ್ತು! ಗಣಿತ ಸುಳ್ಳಾಡುವುದಿಲ್ಲ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನೆಟ್ಟಗಿತ್ತು, ಕುಣಿಯುವವರೂ ನೆಟ್ಟಗಿದ್ದರು. ಡೊಂಕೆಂದು ಬೆರಳು ಮಾಡುವುದಕ್ಕೆ ಉಳಿದವರು ಬಾರಿಸಿದವರು ಮಾತ್ರ.

ಡಾಕ್ಟರಮ್ಮ ಎದ್ದರು. "ಸೋಮವಾರ ವರದಿ ಕಳಿಸ್ತೀನಿ" ಎಂದಷ್ಟೇ ಹೇಳಿ ಹೊರಟರು.

ಮನೆಗೆ ಬರುವ ದಾರಿಯುದ್ದಕ್ಕೂ ನಡಿಗೆಮ್ಮ ತುಟಿ ಬಿಚ್ಚಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದರು ತಾಳಪ್ಪನವರು. ಬೈಗುಳಕ್ಕೊಂದು ಲಯವಾದರೂ ಇರುತ್ತದೆ. ಮೌನಕ್ಕೆ ಎಷ್ಟು ಮನೆ ಎಂದು ಎಣಿಸುವುದು? ಬಾಗಿಲ ಬೀಗ ತೆಗೆದು, ಚೀಲ ಕೆಳಗಿಟ್ಟು, ಆಕೆ ಮೆಲ್ಲಗೆ ಕೇಳಿದರು:

"ಅದು ಅವರ ಮೊದಲ ದಿನದ ಹೆಜ್ಜೆ ಅಲ್ವಾ?"

"ಹೂಂ."

"ಮೂರು ತಿಂಗಳು ಕೂತು ಆ ಕಾಲುಗಳಿಗೆ ಕುಂಟೋದನ್ನ ಮರೆಸಿದೆ ನಾನು. ಮೂರು ನಿಮಿಷದಲ್ಲಿ ನೆನಪು ಮಾಡಿಕೊಟ್ರಲ್ಲ ನೀವು!"

ಭೂಮಿ ಬಾಯಿ ಬಿಡಬಾರದೇ ಎಂದುಕೊಂಡರು ತಾಳಪ್ಪನವರು. ಬಿಡಲಿಲ್ಲ, ಅದಕ್ಕೂ ಇವರ ಮೇಲೆ ಕೋಪವಿದ್ದಿರಬೇಕು.

"ಆ ಅಜ್ಜಿ ಬೇಕರಿ ಬಾಗಿಲು ತೆಗೀಬೇಕು ಅಂತ ದಿನ ಎಣಿಸ್ತಿದ್ರು ಕಣ್ರೀ. ಇವತ್ತು ಕೋಲು ಹಿಡ್ಕೊಂಡು ಹೋದ್ರು. ಇನ್ಮೇಲೆ ಬರೋರಿಗೆ ಕೊಠಡಿನೇ ಇರಲ್ಲ." ಅಷ್ಟು ಹೇಳಿ ಆಕೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಶನಿವಾರ ಬೆಳಿಗ್ಗೆ ತಾಳಪ್ಪನವರು ಯಾರಿಗೂ ಹೇಳದೆ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮನ ಕೋಣೆಯಲ್ಲಿ ಕುರ್ಚಿಯ ತುದಿಗೆ ಕೂತು, ಜನ್ಮದಲ್ಲಿ ಮೊದಲ ಬಾರಿಗೆ ತಲೆ ತಗ್ಗಿಸಿದರು.

"ಡಾಕ್ಟ್ರೇ, ತಪ್ಪು ನಂದು. ಅವರೆಲ್ಲ ನೆಟ್ಟಗೇ ನಡೀತಾರೆ. ಮೊದಲ ದಿನ ಕುಂಟಿದ್ದನ್ನ ನಾನು ಹಿಡಿದಿಟ್ಕೊಂಡು, ಅದನ್ನೇ ಸಂಗೀತ ಮಾಡಿ ಅವರ ಕಿವಿಗೆ ಹೊಯ್ದೆ. ಶಿಕ್ಷೆ ಕೊಡೋದಿದ್ರೆ ನನಗೆ ಕೊಡಿ, ನನ್ನ ಹೆಂಡತಿಯ ಕೊಠಡಿ ಕಿತ್ಕೋಬೇಡಿ."

ಡಾಕ್ಟರಮ್ಮ ಕನ್ನಡಕ ತೆಗೆದರು. "ಏನಂದ್ರಿ? ಮೊದಲ ದಿನದ ಹೆಜ್ಜೆ ನಿಮ್ಮ ಹತ್ತಿರ ಇದೆಯಾ?"

"ನಾಲ್ಕು ಜನದ್ದೂ ಇದೆ. ಒಂದೊಂದು ಸದ್ದೂ ಬಿಡದೆ."

"ಯಜಮಾನ್ರೇ, ಅದನ್ನೇ ನಾನು ಹುಡುಕ್ತಿದ್ದೆ! ಆಡಳಿತದವರು ಸುಧಾರಣೆಗೆ ಸಾಕ್ಷಿ ಕೇಳ್ತಾರೆ. ಈಗ ನೆಟ್ಟಗೆ ನಡೆಯೋದನ್ನ ತೋರಿಸಬಹುದು. ಮೊದಲು ಹೇಗಿದ್ರು ಅನ್ನೋದಕ್ಕೆ ಇಲ್ಲಿ 'ಕುಂಟುತ್ತಾರೆ' ಅಂತ ಒಂದೇ ಪದ ಇದೆ, ಅದೂ ಚಹಾ ಬಿದ್ದು ಅಳಿಸಿದೆ. ನಿಮ್ಮ ಧ್ವನಿಮುದ್ರಣ ಕೊಡಿ. ಸೋಮವಾರ ಅವರನ್ನ ಸದ್ದಿಲ್ಲದೆ ಇನ್ನೊಮ್ಮೆ ನಡೆಸಿ ನೋಡ್ತೀನಿ. ಎರಡನ್ನೂ ಪಕ್ಕಪಕ್ಕ ಇಟ್ರೆ ಯಾರೂ ಬಾಯಿ ತೆಗೆಯೋ ಹಾಗಿಲ್ಲ!"

ತಾಳಪ್ಪನವರ ಎದೆ ಬಾಣಲೆಯಲ್ಲಿ ಬಿಟ್ಟ ಹಿಟ್ಟಿನ ಹಾಗೆ ಉಬ್ಬಿತು. ಕಡೆಗೂ ಒಬ್ಬರಿಗೆ ವಿದ್ಯೆಯ ಬೆಲೆ ತಿಳಿಯಿತು! "ಹಾಗಾದ್ರೆ ಪೂರ್ತಿ ಏಳು ನಿಮಿಷದ ರಚನೆ ಕೊಡ್ಲಾ? ಅದರಲ್ಲಿ ಎರಡು ಸಲ ಕೂಡುತ್ತೆ..."

"ಬೇಡಪ್ಪಾ! ಆ ಜಗಳ ಬೇಡ. ಬಿಡಿಸಿ, ಒಬ್ಬೊಬ್ಬರ ಹೆಜ್ಜೆ ಬೇರೆ ಬೇರೆ ಕೊಡಿ."

"ಮತ್ತೆ... ಸಂಗೀತ?"

"ಯಾವ ಸಂಗೀತ?" ಎಂದರು ಡಾಕ್ಟರಮ್ಮ, ನಿಜವಾಗಿಯೂ ತಿಳಿಯದೆ.

ತಾಳಪ್ಪನವರು ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತರು. ಮೂರು ತಿಂಗಳು ಕಟ್ಟಿದ ಗೋಪುರವನ್ನು ತಮ್ಮ ಕೈಯಾರೆ ಕಲ್ಲು ಕಲ್ಲಾಗಿ ಇಳಿಸಿದರು. ಮೂರನ್ನು ನಾಲ್ಕರಿಂದ ಬಿಡಿಸಿದರು, ಐದನ್ನು ಏಳರಿಂದ ಕಿತ್ತರು. ತೀಡಿದ್ದು ಹೋಯಿತು, ತಿದ್ದಿದ್ದು ಹೋಯಿತು. ಕೊನೆಗೆ ಉಳಿದದ್ದು ಅವರು ಕೈ ಹಚ್ಚುವುದಕ್ಕೆ ಮೊದಲು ಏನಿತ್ತೋ ಅಷ್ಟೇ. ಜಗತ್ತಿಗೆ ಬೇಕಾದದ್ದು ಅದೊಂದೇ! ಕಣ್ಣೊರೆಸಿಕೊಂಡು, ಇದ್ದದ್ದನ್ನೆಲ್ಲ ಒಂದೇ ಕಂತೆ ಕಟ್ಟಿ ಡಾಕ್ಟರಮ್ಮನಿಗೆ ಕಳಿಸಿದರು.

ಸೋಮವಾರ ನಾಲ್ವರೂ ಸದ್ದಿಲ್ಲದ ಕೊಠಡಿಯಲ್ಲಿ ನೆಟ್ಟಗೆ ನಡೆದರು. ತಾಳಪ್ಪನವರು ಗೇಟಿನ ಹೊರಗಿರಬೇಕೆಂಬ ಷರತ್ತನ್ನು ಲಾಯರಮ್ಮ ಮೊದಲೇ ಬರವಣಿಗೆಯಲ್ಲಿ ಪಡೆದಿದ್ದರು. ಸಂಜೆ ನಡಿಗೆಮ್ಮ ಗಂಡನಿಗೆ ಚಹಾ ತಂದು ಕೊಟ್ಟು, ಮೂರು ದಿನದ ಮೇಲೆ ಮೊದಲ ಸಲ ಎದುರಿಗೆ ಕೂತಾಗ ಫೋನು ಬಂತು. ದೊಡ್ಡ ಡಾಕ್ಟರಮ್ಮ. ನಡಿಗೆಮ್ಮ ಇಬ್ಬರಿಗೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲಿಟ್ಟರು.

"ಕೊಠಡಿ ನಿಮ್ಮದೇ. ಆಡಳಿತದವರು ಒಪ್ಪಿದ್ರು."

ನಡಿಗೆಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ತಾಳಪ್ಪನವರು ಮೀಸೆಗೆ ಕೈ ಹಾಕಿದರು.

"ಆದ್ರೆ ಒಂದು ಅನುಮಾನ. ರೋಗಿಗಳು ನಾಲ್ಕು ಜನ, ಬಂದಿರೋ ಫೈಲು ಐದು. ಈ ಐದನೆಯವರು ಯಾರು? ಎಲ್ಲರಿಗಿಂತ ಕೆಟ್ಟ ನಡಿಗೆ ಇವರದ್ದೇ. ಎಡಗಾಲು ಪ್ರತಿ ಸಲ ತಡವಾಗಿ ಬೀಳುತ್ತೆ, ಹೋಗ್ತಾ ಹೋಗ್ತಾ ಇನ್ನೂ ತಡ. ಇವರನ್ನ ಯಾಕೆ ನನಗೆ ತೋರಿಸಲಿಲ್ಲ?"

ನಡಿಗೆಮ್ಮ ಗಂಡನ ಕಡೆ ತಿರುಗಿದರು. ತಾಳಪ್ಪನವರ ಕೈ ಮೀಸೆಯಿಂದ ಕೆಳಗಿಳಿಯಿತು.

"ಅದು... ಅಡಿಪಾಯದ ತಾಳ ಕಣೇ. ನಾಲ್ವರ ಹೆಜ್ಜೆಯೂ ಅದರ ಮೇಲೇ ನಿಂತಿರೋದು. ಕಂಪ್ಯೂಟರಿನ ಟಿಕ್ ಟಿಕ್ ನಂಬೋದು ಬೇಡ, ಪಕ್ಕಾ ಲೆಕ್ಕದ ನಡಿಗೆ ಬೇಕು ಅಂತ ನಮ್ಮ ಹಜಾರದಲ್ಲಿ ಒಬ್ಬರನ್ನ ನಡೆಸಿ..."

"ಯಾರನ್ನ ನಡೆಸಿದ್ರಿ?"

ತಾಳಪ್ಪನವರು ತಮ್ಮ ಎಡಗಾಲನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡರು.

ನಡಿಗೆಮ್ಮ ಫೋನಿನ ಹತ್ತಿರ ಬಾಗಿದರು. "ಐದನೆಯವರು ಸಿಕ್ಕಿದ್ರು ಡಾಕ್ಟ್ರೇ. ನಾಳೆ ಬೆಳಿಗ್ಗೆ ನಾನೇ ಕರ್ಕೊಂಡು ಬರ್ತೀನಿ."

"ಎಷ್ಟು ವರ್ಷದಿಂದ ಹೀಗಂತೆ?"

"ಹೇಗೆ ಹೇಳ್ಲಿ ಡಾಕ್ಟ್ರೇ? ರಿಟೈರಾದ ಮೇಲೆ ನಮ್ಮ ಯಜಮಾನ್ರು ಎದ್ದು ಓಡಾಡಿದ್ದನ್ನ ನೋಡಿದವರು ಯಾರಿದ್ದಾರೆ!"